ಎರಡು ಸೀಟಿ

"ನಾನಿನ್ನೂ ಸೀಟಿ ಹೊಡೆದೇ ಇಲ್ಲ, ಅದ್ಹೇಗ್ರೀ ಬಸ್ ಎತ್ತಿದ್ರಿ?"

ಮೊದಲ ದಿನವೇ ಕಂಡಕ್ಟರಮ್ಮ ಹೊಸ ಡ್ರೈವರನ ಮೇಲೆ ಎಗರಿದ್ದಳು. "ಒಂದು ಸೀಟಿಗೆ ನಿಲ್ಲಿಸಿ, ಎರಡಕ್ಕೆ ಹೊರಡಿ. ತಿಳೀತಾ?"

"ತಿಳೀತು ತಾಯಿ!" ಅಂತ ಅವನು ನಕ್ಕಿದ್ದ. ಆ ನಗು ಅವಳ ನಿದ್ದೆ ಕೆಡಿಸಿತು, ಸುಳ್ಳು ಯಾಕೆ ಹೇಳಲಿ!

ಎರಡು ವರ್ಷ ಒಂದೇ ಬಸ್ಸು. ಆಮೇಲೊಂದು ದಿನ, ಒಂದು ಮಾತೂ ಹೇಳದೆ, ಅವನು ಬೇರೆ ರೂಟಿಗೆ ಅರ್ಜಿ ಕೊಟ್ಟ. 'ನನ್ನ ಬಾಯಿಗೆ ಹೆದರಿ ಓಡಿಹೋದ' ಅಂದುಕೊಂಡು ಅವಳು ಒಳಗೊಳಗೇ ಅತ್ತಳು.

ಈಗ ಅವಳಿಗೆ ಐಸಿಯುವಿನಲ್ಲಿ ಹನ್ನೆರಡನೇ ದಿನ. ನ್ಯುಮೋನಿಯಾ. ಬಾಯೊಳಗೆ ಕೊಳವೆ, ಉಸಿರಾಡಿಸೋಕೆ ಮೆಷಿನ್ನು. ಬೆಳಿಗ್ಗೆ ನಿದ್ದೆಯ ಔಷಧಿ ಕಡಿಮೆ ಮಾಡಿದ್ದರು. ಅವಳಿಗೆ ಎಲ್ಲಾ ಕೇಳಿಸುತ್ತಿತ್ತು, ಕಣ್ಣು ಮಾತ್ರ ತೆರೆಯೋಕಾಗುತ್ತಿರಲಿಲ್ಲ.

"ಸಾಕು ಡಾಕ್ಟ್ರೇ, ಮೆಷಿನ್ ನಿಲ್ಲಿಸಿಬಿಡಿ. ನನ್ನ ತಂಗಿ ಇಷ್ಟು ನರಳೋದು ನೋಡೋಕಾಗಲ್ಲ..." ಅಣ್ಣ ಬೇಡಿಕೊಳ್ಳುತ್ತಿದ್ದ.

'ಅಯ್ಯೋ ಅಣ್ಣಾ, ನಾನಿನ್ನೂ ಇದ್ದೀನಿ ಕಣೋ! ನಿಲ್ಲಿಸೋಕೆ ನೀನ್ಯಾರು?'

ಮೈಯಲ್ಲಿ ಬೆರಳೊಂದೇ ಅವಳ ಮಾತು ಕೇಳಿತು. ಮಂಚದ ಕಂಬಿಗೆ ಬಡಿದಳು. ಟಕ್ ಟಕ್... ಟಕ್ ಟಕ್...

"ಕೈ ನಡುಗ್ತಿದೆ ಪಾಪ," ಅಂದಳು ನರ್ಸಮ್ಮ.

ಅಷ್ಟರಲ್ಲಿ ಬಾಗಿಲ ಹತ್ತಿರ ಗಲಾಟೆ. ಜೊತೆ ಕೆಲಸದವರು ಕಡೇ ಸಲ ನೋಡಿ ಹೋಗಲಿ ಅಂತ ಅಣ್ಣನೇ ಬಸ್ ಡಿಪೋಗೆ ಹೇಳಿಕಳಿಸಿದ್ದ.

"ನೀವು ಪೇಷಂಟಿಗೆ ಏನಾಗಬೇಕು?"

"ಡ್ರೈವರ್ರು!" ಅಂದವನೇ ಒಳಗೆ ನುಗ್ಗಿದ. ಕಂಬಿಯ ಸದ್ದು ಕೇಳಿ ಅಲ್ಲೇ ನಿಂತ.

"ನಡುಕ ಅಲ್ರೀ ಅದು! ಎರಡು ಸೀಟಿ! ಹೊರಡಿ ಅಂತಿದ್ದಾಳೆ!"

ಡಾಕ್ಟರು ನಂಬಲಿಲ್ಲ. ಅವನು ಅವಳ ಕಿವಿ ಹತ್ತಿರ ಬಗ್ಗಿದ. "ಕಂಡಕ್ಟ್ರೇ, ಕೈ ಮುಗೀತೀನಿ. ಸುಮ್ನೆ ಪರೀಕ್ಷೆಗೆ, ನಿಲ್ಲಿಸೋ ಸೀಟಿ ಹೊಡೀರಿ."

ಟಕ್.

"ಈಗ ನಿಜ ಹೇಳಿ. ನಿಲ್ಲಿಸೋಣ್ವಾ, ಹೊರಡೋಣ್ವಾ?"

ಇದ್ದಬದ್ದ ಶಕ್ತಿಯೆಲ್ಲ ಬೆರಳಿಗೆ ತಂದುಕೊಂಡಳು ಹಠಮಾರಿ. ಟಕ್! ಟಕ್!

"ಮೆಷಿನ್ ನಡೀಲಿ," ಅಂದರು ಡಾಕ್ಟರು. ಅಣ್ಣ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಹತ್ತು ದಿನಕ್ಕೆ ಕೊಳವೆ ತೆಗೆದರು. ಸ್ವರ ಒಡೆದಿತ್ತು, ಜಗಳ ಮಾತ್ರ ಹಾಗೇ ಇತ್ತು.

"ರೂಟ್ ಯಾಕೆ ಬದಲಾಯಿಸಿದ್ರಿ? ನಾನು ಅಷ್ಟು ಬೇಡವಾದ್ನಾ?"

"ಅಯ್ಯೋ ದಡ್ಡಿ! ಗಂಡ ಹೆಂಡ್ತಿನ ಒಂದೇ ಬಸ್ಸಿಗೆ ಹಾಕಲ್ಲ, ಡಿಪೋ ರೂಲು ಮರೆತೋಯ್ತಾ? ಮೊದಲು ರೂಟ್ ಬದಲಾಗಲಿ, ಆಮೇಲೆ ನಿಮ್ಮಣ್ಣನ ಹತ್ರ ಮಾತಾಡೋಣ ಅಂತಿದ್ದೆ..."

ಅವಳ ಕಣ್ಣು ತುಂಬಿತು. "ನನ್ನ ಕೇಳದೇನೇ ಬಸ್ ಎತ್ತೋ ಬುದ್ಧಿ ಇನ್ನೂ ಹೋಗಿಲ್ವಾ ನಿಮಗೆ!"

"ತಪ್ಪಾಯ್ತು ತಾಯಿ. ಈಗ ಕೇಳ್ತಿದ್ದೀನಿ... ಹೊರಡೋಣ್ವಾ?"

ಅವಳು ಅವನ ಅಂಗೈ ಎಳೆದುಕೊಂಡು, ಬೆರಳಿಂದ ಎರಡು ಸಲ ಬಡಿದಳು.

"ರೈಟ್!" ಅಂದ ಅವನು, ಮೂಗು ಒರೆಸಿಕೊಳ್ಳುತ್ತಾ.