ಹೊಳೆಯಬಾರದಿದ್ದ ಬ್ರೋಚ್

"ಇದನ್ನ ತೊಳೆದ್ರಾ?"

ಹೆಸ್ಟರ್ ದನಿ ಏರಿದ್ದೇ ತಡ, ಲೌತ್ ಪೇಟೆಯ ಲೈಬ್ರರಿಯಲ್ಲಿ ಪೇಪರ್ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೇಜಿನಾಚೆ ಕುಳಿತಿದ್ದ ರಸೆಲ್‌ನ ಮುಖ ಮಾತ್ರ ಅರಳಿತು. ಹೊಗಳುತ್ತಿದ್ದಾಳೆ ಅಂದುಕೊಂಡ, ಪಾಪ.

"ಬರೀ ತೊಳೆದಿದ್ದಲ್ಲ, ಟೂತ್‌ಪೇಸ್ಟ್ ಹಾಕಿ ಉಜ್ಜಿದೀನಿ. ಭಾನುವಾರ ಪೂರ್ತಿ ಅದೇ ಕೆಲಸ!"

ಅವಳ ಅಂಗೈಯಲ್ಲಿ ರೋಮನ್ನರ ಕಾಲದ ಬ್ರೋಚ್ ಹೊಸ ಗುಂಡಿಯಂತೆ ಮಿನುಗುತ್ತಿತ್ತು. ಯಾವಳೋ ಒಬ್ಬಳು ಹೊದಿಕೆ ಜಾರದಿರಲೆಂದು ಹೆಗಲಿಗೆ ಸಿಕ್ಕಿಸಿಕೊಂಡಿದ್ದು. ಅದರ ಸೂಜಿ ಕೂಡ ಮುರಿದಿರಲಿಲ್ಲ. ಆದರೆ ಸುಮಾರು ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದು ಕಟ್ಟಿಕೊಂಡಿದ್ದ ಹಸಿರು ಪದರ, ನಡುವಿನ ನೀಲಿ ಎನಾಮಲ್ ಬಣ್ಣದ ಲೇಪ, ಎರಡೂ ಟೂತ್‌ಬ್ರಶ್ಶಿನ ಪಾಲಾಗಿದ್ದವು.

ಹೊಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ಜನ ತಿಂಗಳಿಗೊಮ್ಮೆ ಇಲ್ಲಿಗೆ ತರುತ್ತಿದ್ದರು. ಪುರಾತತ್ವ ತಜ್ಞೆ ಹೆಸ್ಟರ್ ಅವನ್ನು ದಾಖಲಿಸಿಕೊಂಡು ಮುಂದಿನ ತಿಂಗಳು ಹಿಂದಿರುಗಿಸುತ್ತಿದ್ದಳು. ಉಳಿದವರು ಚೀಲಗಟ್ಟಲೆ ತಂದು ಸುರಿದರೆ, ಟ್ರ್ಯಾಕ್ಟರ್ ಮೆಕ್ಯಾನಿಕ್ ರಸೆಲ್ ತರುತ್ತಿದ್ದುದು ಒಂದೇ ಒಂದು. ಒಮ್ಮೆ ಹಳೆಯ ಅಂಗಿಯ ಗುಂಡಿ, ಒಮ್ಮೆ ಸೀಸದ ಗುಂಡು. ಕೊಡುವಾಗ ಅವಳ ಕಣ್ಣನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದ. ಅವಳೂ ಕಣ್ಣು ತಪ್ಪಿಸುತ್ತಿರಲಿಲ್ಲ. ಅಷ್ಟಕ್ಕೇ ನಿಂತಿತ್ತು ಕಥೆ. ಇವತ್ತು ಇಲ್ಲಿ ಅವಳ ಕೊನೆಯ ದಿನ. ಸೋಮವಾರದಿಂದ ಶ್ರಾಪ್‌ಷೈರ್‌ನಲ್ಲಿ ಕೆಲಸ, ಅರ್ಧ ದಿನದ ದಾರಿ.

"ಯಾರಾದ್ರೂ ಹೀಗೆ ಮಾಡ್ತಾರಾ? ಸಿಕ್ಕಿದ್ದನ್ನ ಸಿಕ್ಕ ಹಾಗೇ ತರಬೇಕು! ಹಾಳು ಮಾಡಿಟ್ರಲ್ಲ!"

ರಸೆಲ್‌ನ ಕಿವಿ ಕೆಂಪಾಯಿತು. "ನಮ್ಮ ಗ್ಯಾರೇಜಲ್ಲಿ ಏನನ್ನೂ ಕೊಳೆ ಸಮೇತ ವಾಪಸ್ ಕೊಡಲ್ಲ. ಅದೇ ಅಭ್ಯಾಸ. ಹೊರಟಿದೀರಿ, ಚೆಂದದ್ದೊಂದು ತೋರಿಸಿ ಕಳಿಸೋಣ ಅಂತ..." ಮಾತು ಮುಗಿಸದೆ ಎದ್ದ. ಬ್ರೋಚನ್ನು ಅಲ್ಲೇ ಬಿಟ್ಟು ಹೋದ.

ಚಹಾ ಹಂಚುತ್ತಿದ್ದ ವಿನಿಫ್ರೆಡ್, ರಸೆಲ್‌ನ ಸೋದರತ್ತೆ, ಕಪ್ಪನ್ನು ಠಕ್ಕೆಂದು ಇಟ್ಟಳು.

"ಅಲ್ಲ ಕಣೇ, ನೀನು ಬಯ್ದಿದ್ದು ಬ್ರೋಚ್ ಉಜ್ಜಿದ್ದಕ್ಕಾ, ಇಲ್ಲಾ ಅವನು ಇಷ್ಟು ದಿನ ಬಾಯಿ ಬಿಡಲಿಲ್ಲ ಅಂತಲಾ?"

"ವಿನಿಫ್ರೆಡ್!"

"ಅವನ ಶೆಡ್ಡಲ್ಲಿ ಬಿಸ್ಕತ್ತಿನ ಡಬ್ಬ ತುಂಬ ಇಂಥವೇ ಇವೆ. ಒಂದೊಂದೇ ಯಾಕೆ ತರ್ತಾನೆ ಅಂತ ಊರಿಗೆಲ್ಲ ಗೊತ್ತು. ನಿನಗೊಬ್ಬಳಿಗೆ ಗೊತ್ತಿಲ್ವಾ?"

ಹೆಸ್ಟರ್‌ಗೆ ತನ್ನ ಮೇಲೇ ನಾಚಿಕೆಯಾಯಿತು. ಮುದುಕಿ ಹೇಳಿದ್ದು ನಿಜ. ಸಿಟ್ಟು ಬರೀ ಬ್ರೋಚಿನ ಸಲುವಾಗಿ ಬಂದಿದ್ದಲ್ಲ. ಅವನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸೇ ಇರಲಿಲ್ಲ. ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಓಡಿದಳು.

ರಸೆಲ್ ವ್ಯಾನಿನಲ್ಲಿ ಕುಳಿತಿದ್ದ. ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ.

"ಎಲ್ಲಿ ಸಿಕ್ತು ಅಂತ ಹೇಳದೇ ಬಂದ್ಬಿಟ್ರಲ್ಲ," ಅಂದಳು, ಏದುಸಿರು ಬಿಡುತ್ತ.

"ಹಾಳಾಗಿರೋದಕ್ಕೆ ಅದ್ಯಾಕೆ?"

"ಬಣ್ಣ ಹೋದ್ರೂ ಸಿಕ್ಕ ಜಾಗ ಗೊತ್ತಿದ್ರೆ ಅದರ ಇತಿಹಾಸ ಎಷ್ಟೋ ಉಳಿಯುತ್ತೆ. ಬಯ್ದಿದ್ದು ತಪ್ಪಾಯ್ತು. ಉಜ್ಜಿದ್ದು ಮಾತ್ರ ಈಗಲೂ ತಪ್ಪೇ."

ಅವನ ತುಟಿಯಂಚಿನಲ್ಲಿ ನಗು ಇಣುಕಿತು.

"ಡಬ್ಬದಲ್ಲಿ ಎಷ್ಟಿದೆ?" ಕೇಳಿದಳು.

"ಅತ್ತೆ ಬಾಯಿಗೆ ಬೀಗ ಇಲ್ಲ!" ಅವನು ಸ್ಟೇರಿಂಗ್ ನೋಡುತ್ತ ಹೇಳಿದ, "ತಿಂಗಳಿಗೊಂದು ತಂದ್ರೆ ಹತ್ತು ವರ್ಷಕ್ಕಾಗುತ್ತೆ. ಹೊಲದಲ್ಲಿ ಇನ್ನೇನೂ ಸಿಗದೇ ಹೋದ್ರೂ ಹತ್ತು ವರ್ಷ ನಿಮ್ಮೆದುರು ಕೂರ್ಬಹುದು ಅಂದ್ಕೊಂಡಿದ್ದೆ. ನೀವೇ ಹೊರಟ್ರಿ."

ಹೆಸ್ಟರ್ ವ್ಯಾನಿಗೆ ಇನ್ನಷ್ಟು ಹತ್ತಿರ ಬಂದಳು. ಕಿಟಕಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಗ್ರೀಸು ಹತ್ತಿದ ಒರಟು ಕೈ ಅಲುಗಾಡಲಿಲ್ಲ.

"ಭಾನುವಾರ ಶ್ರಾಪ್‌ಷೈರ್‌ಗೆ ಬರ್ತೀಯಾ?"

"ಬರ್ತೀನಿ. ಏನು ತರ್ಲಿ?"

"ಏನೂ ಬೇಡ."

"ಏನೂ ಇಲ್ದೆ ಏನಂತ ಬರೋದು?" ರಸೆಲ್ ನಿಜಕ್ಕೂ ಗಾಬರಿಯಾಗಿದ್ದ.

"ಹೆಸ್ಟರ್‌ನ ನೋಡೋಕೆ ಬಂದೆ ಅಂತ ಹೇಳು," ಅಂದಳು. "ಬಾಗಿಲು ತೆಗೆಯೋದು ನಾನೇ."