ಹುಳಿ ಜಾಸ್ತಿ ಅಂದವಳು

"ಹುಳಿ ಜಾಸ್ತಿ ಆಗಿದೆ. ಇದನ್ನ ಮಾಡಿದವರನ್ನ ಕರೀರಿ."

ಅಡುಗೆಯವನು ಸೌಟು ಹಿಡಿದೇ ಹೊರಬಂದ. ಆ ಹೋಟೆಲಿನಲ್ಲಿ ಅವನ ಸಿಹಿ-ಹುಳಿ ಸಾಸಿಗೆ ಅದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಎದುರಿಗೆ ಕೂತಿದ್ದವಳು ಪಕ್ಕದ ಬೀದಿಯ ಟೈಲರ್. ಕೊರಳಲ್ಲಿ ಅಳತೆಯ ಟೇಪು, ಕಣ್ಣಲ್ಲಿ ಚೂರೂ ಅಳುಕಿಲ್ಲ.

ಅವನು ನೆಕ್ಕಿ ನೋಡಿದ. ಅವಳು ಹೇಳಿದ್ದು ನಿಜವಾಗಿತ್ತು! ಅಂದೇ ಅವನು ಅವಳಿಗೆ ಮನಸೋತ. ಮದುವೆಯೂ ಆಯಿತು.

ಸಾಸನ್ನು ಅವನು ಮನೆಯಲ್ಲೇ ಮಾಡುತ್ತಿದ್ದ. ಹದದ ಗುಟ್ಟು ಹೋಟೆಲಿನವರಿಗೆ ಸಿಗಬಾರದೆಂಬ ಹಟ. ಸಕ್ಕರೆ ಕರಗಿಸಿ, ವಿನೆಗರ್ ಸುರಿದು, ಟೊಮೇಟೊ ರಸ ಹಾಕಿ ಕುದಿಸಿ, ಕೊನೆಗೆ ಕಾರ್ನ್‌ಫ್ಲೋರ್ ಕದಡಿದ ನೀರು ಬೆರೆಸಿ ಕೈಯಾಡಿಸುವುದು; ಆರಿದ ಮೇಲೆ ಕ್ಯಾನಿಗೆ ತುಂಬಿ ಹೊತ್ತೊಯ್ಯುವುದು. ಹೆಂಡತಿಗೆ ರುಚಿ ನೋಡಲೂ ಕೊಟ್ಟವನಲ್ಲ.

ಒಮ್ಮೆ ಕೆಟ್ಟ ಜ್ವರ ಬಂದು ಹಾಸಿಗೆ ಹಿಡಿದ. ಎದ್ದವನು ಬೇರೆಯೇ ಮನುಷ್ಯನಾಗಿದ್ದ. ಮಾತು ಕಮ್ಮಿ, ಊಟ ಕಾಟಾಚಾರಕ್ಕೆ. ಅವಳು ಆಸೆಪಟ್ಟು ಮಾಡಿದ್ದನ್ನೂ ಔಷಧಿಯಂತೆ ನುಂಗಿ ಏಳುತ್ತಿದ್ದ.

'ಇವರಿಗೆ ನಾನು ಸಾಕಾದೆನಾ...' ಹೊಲಿಗೆ ಮಿಷನ್ ಮುಂದೆ ಕೂತು ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಮಾತ್ರ ಹೊಸದು. ಸಾಸು ಕುದಿಯುವಾಗ ಅವಳನ್ನು ಕರೆದು, ಚಮಚ ಊದಿ ಆರಿಸಿ, ಬಾಯಿಗಿಡುತ್ತಿದ್ದ. ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತಿದ್ದ. ಪಾಪ, ಇಡೀ ದಿನದಲ್ಲಿ ಅವಳಿಗೆ ಸಿಗುತ್ತಿದ್ದ ಪ್ರೀತಿ ಅಷ್ಟೇ! ಹುಳಿಗೆ ಹಲ್ಲು ಚುಳ್ಳೆನ್ನುತ್ತಿದ್ದರೂ ನಗುತ್ತಾ ಚೆನ್ನಾಗಿದೆ ಎನ್ನುತ್ತಿದ್ದಳು. ಆ ಚಮಚವೂ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ.

ಒಂದು ಮಧ್ಯಾಹ್ನ ಅವನು ಮುಕ್ಕಾಲು ತುಂಬಿದ ಕ್ಯಾನಿನೊಂದಿಗೇ ಮರಳಿ ಬಂದ. ಗಿರಾಕಿಗಳು ತಟ್ಟೆಗಳನ್ನು ವಾಪಸು ಕಳಿಸಿದ್ದರು. ಯಜಮಾನರು ಎಲ್ಲರೆದುರು ಬೈದು, ನಾಳೆಯಿಂದ ಬರಬೇಡ ಎಂದಿದ್ದರು.

"ನಿಜ ಹೇಳು. ಹುಳಿ ಜಾಸ್ತಿ ಇತ್ತಾ?"

"ನಿಮಗೆ ಗೊತ್ತಾಗಲಿಲ್ವಾ?"

"ಜ್ವರ ಬಂದಾಗಿನಿಂದ ನಾಲಿಗೆಗೆ ಏನೂ ತಿಳಿಯಲ್ಲ ಕಣೇ. ನಿನ್ನ ನಾಲಿಗೆ ನಂಬ್ಕೊಂಡಿದ್ದೆ. ಅವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನೀನು..."

ಅವಳು ಕ್ಯಾನಿನತ್ತ ನೋಡಿದಳು. ಗಂಡನ ಅನ್ನಕ್ಕೆ ಕಲ್ಲು ಹಾಕಿದವಳು ತಾನೇ! ಅವನ ಮನಸ್ಸು ನೋಯಬಾರದೆಂದು, ತನ್ನ ಚಮಚ ತಪ್ಪಬಾರದೆಂದು ಹೇಳಿದ ಸುಳ್ಳು...

ಅವಳು ತಡವರಿಸುತ್ತಾ ಅದನ್ನೆಲ್ಲ ಹೇಳಿಕೊಂಡಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಯಾನನ್ನು ಸಿಂಕಿಗೆ ಸುರಿದು, ಗೋಡೆಗೊರಗಿ ಕುಸಿದು ಕೂತ.

"ನೀನು ತವರಿಗೆ ಹೋಗು. ರುಚಿ ಗೊತ್ತಿಲ್ಲದ ಅಡುಗೆಯವನ ಜೊತೆ ಹೇಗೆ ಬಾಳ್ತೀಯ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಲೆ ಹಚ್ಚಿ, ಬಾಣಲೆ ಇಟ್ಟು, ಸಕ್ಕರೆ ಡಬ್ಬಿ ಅವನ ಮುಂದಿಟ್ಟಳು.

"ಏಳಿ. ಮಾಡಿ."

ಅವನು ಎದ್ದ. ಅಭ್ಯಾಸಬಲದಿಂದ ಕೈ ಆಡಿತು. ಚಮಚ ಊದಿ ಆರಿಸಿ ಅವಳ ಬಾಯಿಗಿಟ್ಟ.

"ಥೂ... ಹುಳಿ ಜಾಸ್ತಿ."

ಅವನು ಸಕ್ಕರೆ ಹಾಕಿದ. ಅವಳು ಮತ್ತೆ ಮುಖ ಕಿವುಚಿದಳು. ಮತ್ತೆ ಹಾಕಿದ. ಅವಳ ಕಣ್ಣೀರು ಕೆನ್ನೆಯಿಂದಿಳಿಯುತ್ತಲೇ ಇತ್ತು, ನಾಲಿಗೆ ಮಾತ್ರ ಚೂರೂ ದಾಕ್ಷಿಣ್ಯ ತೋರಲಿಲ್ಲ.

ಕೊನೆಗೊಮ್ಮೆ ಅವಳು ತಲೆಯಾಡಿಸಿದಳು.

"ಚೆನ್ನಾಗಿದೆ."

ಅವನು ಅವಳ ಮುಖವನ್ನೇ ದಿಟ್ಟಿಸಿದ. "ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಇಲ್ಲ ರೀ. ಚೂರು ಉಪ್ಪು ಕಮ್ಮಿ ಇದೆ."

ಜ್ವರ ಬಿಟ್ಟ ಮೇಲೆ ಮೊದಲ ಸಲ ಅವನು ನಕ್ಕ. ಉಪ್ಪಿನ ಡಬ್ಬಿಗೆ ಕೈ ಚಾಚಿದ.

"ಎಷ್ಟು ಹಾಕ್ಲಿ, ನೀನೇ ಹೇಳು."