ಉಗುಳು ತಾಗದ ಕೂದಲು

ಕ್ರಾಂತಿಕುಮಾರ ಒಂದು ಕೀಬೋರ್ಡನ್ನು ತಲೆಕೆಳಗಾಗಿ ಹಿಡಿದು ಮೇಜಿನ ಅಂಚಿಗೆ ಬಡಿಯುತ್ತಿದ್ದ. ಬಿಸ್ಕತ್ತಿನ ಪುಡಿ, ಸತ್ತ ಇರುವೆ, ಯಾರೋ ಕಚ್ಚಿ ಉಗಿದ ಉಗುರಿನ ಚೂರು ಹಾಳೆಯ ಮೇಲೆ ಉದುರುತ್ತಿದ್ದವು. ಉಳಿದದ್ದನ್ನು ಬಾಯಿಂದ ಊದಿದ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿನ ಈ ರಿಪೇರಿ ಅಂಗಡಿಗೆ ಅವನು ಬಂದು ಸೇರಿ ಎರಡು ತಿಂಗಳಾಗಿತ್ತು. ಧೂಳು ಊದುವ ಯಂತ್ರ ಕಪಾಟಿನಲ್ಲಿಯೇ ಇತ್ತು. ಆದರೆ ಅದರ ವೈರು ಬಿಡಿಸಿ ಪ್ಲಗ್ಗು ಹುಡುಕುವಷ್ಟರಲ್ಲಿ ಬಾಯಿ ಹತ್ತು ಸಲ ಊದಿ ಮುಗಿಸಿರುತ್ತದೆ. ಆ ಕಸುಬಿನವರ ರೂಢಿಯೇ ಹಾಗೆ.

ಕೀಬೋರ್ಡು ಮುಗಿಸಿ ಅವನು ಕಪ್ಪು ಲ್ಯಾಪ್‌ಟಾಪಿಗೆ ಕೈ ಹಾಕಿದ. ಗೇಮ್ ಆಡುವವರು ಕೊಳ್ಳುವಂಥ ದಪ್ಪನೆಯದು, ಭಾರದ್ದು. ಬೆಳಿಗ್ಗೆ ಒಬ್ಬ ಹೆಂಗಸು ಅದನ್ನು ಕೈಚೀಲದಲ್ಲಿ ತಂದಿಟ್ಟು ಹೋಗಿದ್ದಳು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಹರಪನಹಳ್ಳಿ ಕಡೆಯ ಎಳೆತ. ಹೆಸರು ಉಚ್ಚಂಗೆಮ್ಮ ಎಂದು ಬರೆಸಿ, ಫೋನ್ ನಂಬರು ಕೊಟ್ಟಿದ್ದಳು. ಮಗನ ಲ್ಯಾಪ್‌ಟಾಪು, ಆಟಕ್ಕೆ ಕುಳಿತರೆ ಪರದೆಯ ಮೇಲೆ ಗೆರೆ ಬಂದು ಕಪ್ಪಾಗಿ ಆಫ್ ಆಗುತ್ತದೆ, ಮೂರು ಕಡೆ ತೋರಿಸಿಯಾಯಿತು ಎಂದಿದ್ದಳು. ಹರಪನಹಳ್ಳಿಯಿಂದ ಇಷ್ಟು ದೂರ ಯಾಕೆ ತಂದಳು ಎಂದು ಅವನಿಗೆ ಒಮ್ಮೆ ಅನ್ನಿಸಿತ್ತು. ಅಷ್ಟಕ್ಕೇ ಬಿಟ್ಟಿದ್ದ.

ಅಂಗಡಿಯ ಮೆಟ್ಟಿಲ ಮೇಲೆ ಹೂ ಮಾರುವ ದ್ಯಾಮಕ್ಕ ಕೂತಿರುತ್ತಿದ್ದಳು. ಹಡಗಲಿಯಿಂದ ಮೊದಲ ಬಸ್ಸಿಗೆ ಬಂದ ಮಲ್ಲಿಗೆಯನ್ನು ಕಟ್ಟಿ, ಬಿಸಿಲು ತಾಗದಿರಲೆಂದು ಅಂಗಡಿಯೊಳಗಿನ ಕೊಕ್ಕೆಗೆ ತೂಗುಹಾಕುವುದು ಅವಳ ವಾಡಿಕೆ. ಆ ಹೊತ್ತು ಅವಳು ಮಾಲೆ ಇಳಿಸಲು ಒಳಗೆ ಬಂದವಳು ನಿಂತಲ್ಲೇ ನಿಂತಳು. ಆ ಕೈಚೀಲದ ಕಡೆಗಿದ್ದ ಒಂದು ಮೊಳ ಹೂವು ಕಪ್ಪಾಗಿತ್ತು. ಬಾಡಿದ್ದಲ್ಲ. ಕೊಳೆತು ಲೋಳೆಯಾಗಿ, ದಾರದಿಂದ ಸಿಂಬಳದ ಹಾಗೆ ಜೋತು ಬಿದ್ದಿತ್ತು. ದ್ಯಾಮಕ್ಕ ಚೀಲದ ಹತ್ತಿರ ಮೂಗು ಒಯ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ತಮ್ಮಾ, ಇದರಾಗ ಕೂದಲ ಇಟ್ಟಾರ. ಉಗುಳು ತಾಗದ ಕೂದಲ.”

ಅವನಿಗೆ ಅರ್ಥವಾಗಲಿಲ್ಲ. ಆಕೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಮಾಡಿ, ಮೂರು ಸಲ ಥೂ ಎಂದು ಉಗುಳಿ ಬಿಸಾಡುತ್ತಾರೆ. ಉಗುಳಿದರೆ ಆ ಕೂದಲಿಗೂ ತಲೆಗೂ ಸಂಬಂಧ ಕಡಿಯಿತು. ಉಗುಳದೆ ಇಟ್ಟ ಕೂದಲು ತಲೆಯ ನೋವನ್ನು ಮರೆಯುವುದಿಲ್ಲ. ಕೈಯಿಂದ ಮುಟ್ಟಿದವರನ್ನು ಅದು ಏನೂ ಮಾಡದು, ಬಾಯಿಗೆ ಹೋದರೆ ಮಾತ್ರ ಬಿಡದು.

“ಯಮ್ಮಾ, ಮಾಟ ಅಲ್ಲ ಮಣ್ಣೂ ಅಲ್ಲ. ಇದರಾಗ ಗ್ರಾಫಿಕ್ಸ್ ಡ್ರೈವರ್ ಕೆಟ್ಟೈತಿ.”

“ಡ್ರೈವರ್ ಕೆಟ್ರ ಬಸ್ಸು ನಿಂದರತೈತಪ್ಪ. ಹೂವ್ಯಾಕ ಕೊಳೀತೈತಿ?”

ಅವನು ಗಟ್ಟಿಯಾಗಿ ನಕ್ಕ. ಅವಳು ನಗಲಿಲ್ಲ. ಕೊಳೆತ ಮಾಲೆಯನ್ನು ಕಡ್ಡಿಯಿಂದ ಎತ್ತಿಕೊಂಡು, “ಬಾಯಿಲೆ ಮಾತ್ರ ಊದಬ್ಯಾಡ,” ಎಂದಷ್ಟೇ ಹೇಳಿ ಇಳಿದುಹೋದಳು.

ಅವಳು ನೋಡಲೆಂದೇ ಅವನು ಲ್ಯಾಪ್‌ಟಾಪನ್ನು ಮುಖಕ್ಕೆ ಎತ್ತಿ ಹಿಡಿದ. ಬಿಸಿಗಾಳಿ ಹೋಗುವ ಕಿಂಡಿಗೆ ತುಟಿ ಹಚ್ಚಿ, ಕೆನ್ನೆ ಉಬ್ಬಿಸಿ ಊದಿದ.

ಧೂಳು ಹಾರಲಿಲ್ಲ. ಒಳಗಿನದೇನೋ ಅವನ ಉಸಿರನ್ನು ಎಳೆದುಕೊಂಡು, ತುಸು ಹೊತ್ತು ಇಟ್ಟುಕೊಂಡು, ಬೆಚ್ಚಗೆ ಮಾಡಿ ಮತ್ತೆ ಅವನ ಬಾಯಿಗೇ ಬಿಟ್ಟಿತು. ಹಳಸಿದ ಹರಳೆಣ್ಣೆ, ಸುಟ್ಟ ಕೂದಲು, ತಲೆಯ ಹೊಟ್ಟು. ನಾಲಿಗೆಯ ಮೇಲೆ ಜಿಡ್ಡಿನ ಎಳೆಯೊಂದು ಅಂಟಿತು. ತೆಗೆಯಲು ಬೆರಳು ಹಾಕುವಷ್ಟರಲ್ಲಿ ಅದು ಗಂಟಲಿಗೆ ಇಳಿದಿತ್ತು.

ನೀರು ಕುಡಿದು ಅವನು ಕೆಲಸಕ್ಕೆ ಕೂತ. ಪರೀಕ್ಷೆಗೆಂದು ಭಾರದ ಗೇಮ್ ಒಂದನ್ನು ಹಚ್ಚಿದ. ಗಂಟೆಗಟ್ಟಲೆ ಓಡಿತು, ಬಿಸಿಯೂ ಏರಲಿಲ್ಲ. ಹೆಂಗಸು ಸುಳ್ಳು ಹೇಳಿದಳೇನೋ ಅಂದುಕೊಳ್ಳುವಾಗ ಪರದೆಯ ಮೇಲ್ಗಡೆಯಿಂದ ತೆಳ್ಳನೆಯ ಕಪ್ಪು ಗೆರೆಯೊಂದು ಇಳಿಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ನೂರು. ಪರದೆ ಕಪ್ಪಾಗಿ ಆಫ್ ಆಯಿತು. ಮತ್ತೆ ಚಾಲೂ ಮಾಡಿ, ಯಂತ್ರ ತಾನೇ ಬರೆದಿಡುವ ದಾಖಲೆ ತೆಗೆದು ನೋಡಿದ. ಆಫ್ ಆದದ್ದು ಸಂಜೆ ನಾಲ್ಕು ಹತ್ತಕ್ಕೆ. ಹಿಂದಿನ ದಿನವೂ ನಾಲ್ಕು ಹತ್ತಕ್ಕೆ. ತಿಂಗಳುಗಟ್ಟಲೆ, ಎಲ್ಲವೂ ನಾಲ್ಕು ಹತ್ತಕ್ಕೆ.

ಸಂಜೆ ಮಂಡಕ್ಕಿ ತಿನ್ನುವಾಗ ಬಾಯಿಗೆ ಕೂದಲು ಸಿಕ್ಕಿತು. ಅಂಗಡಿಯವನಿಗೆ ಬೈಯುತ್ತಾ ಬೆರಳಿನಿಂದ ಹಿಡಿದು ಎಳೆದ. ಬಂತು. ಇನ್ನೂ ಬಂತು. ಮೊಳದುದ್ದ ಬಂದರೂ ಮುಗಿಯಲಿಲ್ಲ. ಎಳೆದಾಗಲೆಲ್ಲ ಹೊಟ್ಟೆಯ ತಳದಲ್ಲಿ ಏನೋ ಚಿಮುಟಿದಂತಾಯಿತು. ಇನ್ನೊಂದು ತುದಿ ತಟ್ಟೆಯಲ್ಲಿ ಇರಲಿಲ್ಲ.

ಎರಡನೆಯ ದಿನ ಪರದೆಗೆ ಚಿತ್ರ ಕಳಿಸುವ ಹಳೆಯ ಡ್ರೈವರ್ ಸಾಫ್ಟ್‌ವೇರನ್ನು ಬೇರುಸಹಿತ ಕಿತ್ತು ಹೊಸದು ಹಾಕಿದ. ಮೆಮರಿ ಬಿಚ್ಚಿ ಒರೆಸಿ ಕೂರಿಸಬೇಕೆಂದರೆ ಹಿಂಬದಿ ಮುಚ್ಚಳ ತೆಗೆಯಬೇಕು. ಯಾಕೋ ಆ ದಿನ ಕೈ ಬರಲಿಲ್ಲ. ಗಡಿಯಾರ ನೋಡುತ್ತಲೇ ಕೂತ. ನಾಲ್ಕು ಹತ್ತು. ಗೆರೆಗಳು ಇಳಿದವು. ಈ ಸಲ ಅವು ಗೆರೆಗಳ ಹಾಗೆ ಕಾಣಲಿಲ್ಲ. ಸ್ನಾನ ಮಾಡಿ ಬಗ್ಗಿ ನಿಂತವಳ ಒದ್ದೆ ಕೂದಲಿನ ಹಾಗೆ ತೂಗುತ್ತಿದ್ದವು. ಅದರ ಹಿಂದೆ ಗಲ್ಲ, ಅರ್ಧ ತುಟಿ. ಮುಖ ಪೂರ್ತಿ ಮೂಡುವ ಮೊದಲು ಪರದೆ ಆಫ್ ಆಯಿತು. ಅವನು ಕಸದ ಬುಟ್ಟಿಗೆ ಬಗ್ಗಿ ಕಾರಿಕೊಂಡ. ಬಿದ್ದದ್ದು ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ. ಪಿತ್ತದಲ್ಲಿ ತೊಯ್ದ ಕಪ್ಪು ಕೂದಲಿನ ಉಂಡೆ. ಹೊರಗೆ ಬಿದ್ದ ಮೇಲೂ ಅದು ಒಮ್ಮೆ ಬಿಗಿದು ಸಡಿಲವಾಯಿತು.

ವೈದ್ಯರು ಟಾರ್ಚ್ ಬಿಟ್ಟು ಗಂಟಲು ನೋಡಿ ಏನೂ ಇಲ್ಲ ಎಂದರು. ದ್ಯಾಮಕ್ಕ ಮೆಟ್ಟಿಲಿನಿಂದ ಅವನ ಮುಖ ನೋಡಿದಳು. ಮಾಲೆ ಕೊಳೆತ ದಿನದಿಂದಲೇ ಹೂವನ್ನು ಒಳಗೆ ತೂಗುಹಾಕುವುದನ್ನು ಬಿಟ್ಟಿದ್ದಳು.

ಮೂರನೆಯ ದಿನ ಮಧ್ಯಾಹ್ನ ಅವನು ಮುಚ್ಚಳ ಬಿಚ್ಚಿದ. ಸ್ಕ್ರೂ ಹಾಕಿಡಲು ತನ್ನ ಸಾಮಾನಿನ ಪೆಟ್ಟಿಗೆಯಿಂದ ತಗಡಿನ ಡಬ್ಬಿ ತೆಗೆದ. ಡಬ್ಬಿಯ ಅಡಿಯಲ್ಲಿ ಒಂದು ಕವರಿತ್ತು. ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ ಎರಡು ವರ್ಷವಾಗಿದ್ದ ಕವರು. ದಿನವೂ ಅದು ಕಣ್ಣಿಗೆ ಬೀಳುತ್ತಿತ್ತು. ದಿನವೂ ಅದರ ಮೇಲೆಯೇ ಡಬ್ಬಿಯನ್ನು ಇಡುತ್ತಿದ್ದ.

ಹನ್ನೊಂದು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ವಾಸನೆ ಮೊದಲು ಬಂತು. ಬಾವಿಗೆ ಬಿದ್ದು ಸತ್ತ ಬೆಕ್ಕನ್ನು ಎತ್ತಿದಾಗ ಬರುವ ವಾಸನೆ. ಎರಡೂ ಫ್ಯಾನುಗಳಿಗೆ ಉದ್ದನೆಯ ಕೂದಲು ಸುತ್ತಿತ್ತು, ಬಾಚಿ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಚಿಪ್ಪಿನ ಮೇಲೆ ಬಿಸಿ ಇಳಿಸುವ ಬೂದು ಪೇಸ್ಟು ಇರಬೇಕಾದ ಕಡೆ ಹಳದಿ ಕೀವಿನಂಥದ್ದು ತುಂಬಿ, ನಡುವೆ ಕುಂಕುಮ ಹೆಪ್ಪುಗಟ್ಟಿತ್ತು. ಬಟ್ಟೆಯಿಂದ ಒರೆಸಿದ. ಒರೆಸಿದಷ್ಟೂ ಅಡಿಯಿಂದ ಒಸರಿತು. ಹುಣ್ಣಿನಂತೆ ಬಿಸಿಯಾಗಿತ್ತು.

ಮುಚ್ಚಳವನ್ನು ಬದಿಗಿಡಲು ತಿರುಗಿಸಿದವನ ಕೈ ನಿಂತಿತು. ಅದರ ಒಳಮೈಯಲ್ಲಿ ಮಾರ್ಕರಿನಿಂದ ಬರೆದ ಎರಡು ಅಕ್ಷರ, ಒಂದು ತಾರೀಖು. ರಿಪೇರಿ ಮಾಡಿದವನು ಒಳಗೆ ತನ್ನ ಗುರುತು ಹಾಕುತ್ತಾನೆ. ಆ ಅಕ್ಷರ ಅವನದೇ. ತಾರೀಖು ಎರಡು ವರ್ಷ ಹಿಂದಿನದು.

ಹೊರಗೆಲ್ಲ ಕಪ್ಪು ಸ್ಟಿಕ್ಕರು ಅಂಟಿಸಿದ್ದರಿಂದ ಗುರುತು ಸಿಕ್ಕಿರಲಿಲ್ಲ, ಅಷ್ಟೇ. ಆಗ ಅವನು ಹರಪನಹಳ್ಳಿಯ ಅಂಗಡಿಯೊಂದರಲ್ಲಿದ್ದ. ಅರುಣಕುಮಾರ್ ಎಂಬವನು ಇದನ್ನೇ ಸಣ್ಣ ರಿಪೇರಿಯೊಂದಕ್ಕೆ ತಂದಿದ್ದ. ಅದರೊಳಗೆ ಅವನ ಅಕ್ಕ ಸುಮಲತಾಳ ಫೋಟೋಗಳಿದ್ದವು. ಡಿಗ್ರಿ ಮುಗಿಸುತ್ತಿದ್ದವಳು, ಮದುವೆ ಗೊತ್ತಾಗಿದ್ದವಳು. ತಲೆಗೆ ಎರೆದುಕೊಂಡು, ಮೊಣಕಾಲು ಮುಟ್ಟುವ ಕೂದಲನ್ನು ಒಣಗಿಸುತ್ತಾ, ಕನ್ನಡಿಯ ಮುಂದೆ ತನಗೆ ತಾನೇ ನಗುತ್ತಾ ತೆಗೆದುಕೊಂಡವು. ಯಾರಿಗೂ ತೋರಿಸಲು ತೆಗೆದವಲ್ಲ. ಕ್ರಾಂತಿಕುಮಾರ ಪೆನ್ ಡ್ರೈವಿಗೆ ಹಾಕಿಕೊಂಡ. ಇಬ್ಬರು ಗೆಳೆಯರಿಗೆ ಕಳಿಸಿದ. ವಾರದೊಳಗೆ ಅವು ಊರಿನ ಫೋನುಗಳಲ್ಲೆಲ್ಲ ಇದ್ದವು. ಅವಳೇ ಯಾರಿಗೋ ಕಳಿಸಿದ್ದಾಳೆ ಎಂದು ಊರು ಮಾತಾಡಿತು. ಮದುವೆ ಮುರಿಯಿತು, ಕಾಲೇಜು ನಿಂತಿತು. ಅವನು ಒಂದು ದಿನ ಕೂತು ಅವಳ ತಂದೆ ವೀರಭದ್ರಯ್ಯನವರಿಗೆ ಪತ್ರ ಬರೆದ. ಫೋಟೋ ಕದ್ದದ್ದು ರಿಪೇರಿಯವನು, ನಿಮ್ಮ ಮಗಳದು ತಪ್ಪಿಲ್ಲ ಎಂದು. ಕೊನೆಗೆ ಹೆಸರು ಹಾಕಲಿಲ್ಲ. ಅಂಚೆಗೂ ಹಾಕಲಿಲ್ಲ. ಊರು ಬಿಟ್ಟ.

ಗಂಟಲಿನಲ್ಲಿ ಕೂದಲು ಹೊರಳಿತು. ಉಚ್ಚಂಗೆಮ್ಮನ ನಂಬರು ಒತ್ತಿದ. ಅವಳು ಮೊದಲ ರಿಂಗಿಗೇ ಎತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬಿಚ್ಚಿದೇನಪ್ಪಾ?”

“ಅಮ್ಮಾ... ನಾಲ್ಕು ಹತ್ತಕ್ಕ...”

“ನೀನು ಅವತ್ತು ಪೆನ್ ಡ್ರೈವ್ ಹಾಕಿದ್ದೂ ಅದೇ ಟೈಮಿಗೆ. ಯಂತ್ರದೊಳಗೆ ಬರೆದಿತ್ತು, ನನ್ನ ಮಗ ತೆಗೆದ. ಅವರಪ್ಪಗೆ ತೋರ್ಸಿದ್ವಿ. ಟೈಮು ಐತೆ, ಹೆಸರಿಲ್ಲ ಅಂದ್ರು. ನಿನ್ನ ಹಿಂದಿನ ಅಂಗಡಿಯವ್ರು ಬಾಯಿ ಬಿಡಲಿಲ್ಲ. ಮುಚ್ಚಳದೊಳಗಿನ ಎರಡು ಅಕ್ಷರ ಹಿಡ್ಕಂಡು ಅಂಗಡಿ ಅಂಗಡಿ ತಿರುಗಿ ನಿನ್ನ ಹುಡುಕಿದೆ.”

ಅವನು ಪೆಟ್ಟಿಗೆಯಿಂದ ಆ ಹಳೆಯ ಕವರನ್ನು ಎತ್ತಿಕೊಂಡ.

“ನನ್ನ ಮಗಳು ಕೂದಲು ಬುಡಕ್ಕೇ ಕೊಯ್ಕಂಡ್ಲು ಕಣಪ್ಪ. ಗುಡಿಸಿ ತೆಗೆದೋಳು ನಾನು. ಉಗುಳಲಿಲ್ಲ. ಎರಡು ವರ್ಷ ಆತು, ಅವಳು ಕೊಟ್ಟ ನೀರು ಅವರಪ್ಪ ಕುಡಿಯಲ್ಲ.” ಅದೇ ದನಿಯಲ್ಲಿ ಹೇಳಿದಳು: “ಅವರ ಹೆಸರಿಗೆ ಕಾಗದ ಕಳ್ಸು. ನಿನ್ನ ಹೆಸರು ಹಾಕಿ ಕಳ್ಸು. ನಿನ್ನ ಕೈಯಾಗೆ ಎರಡು ಸಲ ಆಫ್ ಆಗಿದ್ದು ಆ ಯಂತ್ರ. ಮೂರನೇ ಸಲ ಆಫ್ ಆಗೋದು ಯಂತ್ರ ಅಲ್ಲ.”

ಗಡಿಯಾರದಲ್ಲಿ ಮೂರು ಐವತ್ತು. ಅವನು ಕವರು ಹಿಡಿದುಕೊಂಡು ಓಡಿದ. ದ್ಯಾಮಕ್ಕನ ಹೂವಿನ ಬುಟ್ಟಿ ಕಾಲಿಗೆ ತಾಗಿ ಉರುಳಿತು. ಬಿಸಿಲು, ಬಸ್ಸಿನ ಹೊಗೆ, ಬಜ್ಜಿ ಕರಿಯುವ ಎಣ್ಣೆಯ ವಾಸನೆ. ಎಲ್ಲದರಲ್ಲೂ ಅದೇ ಸುಟ್ಟ ಕೂದಲಿನ ನಾತ.

ಅಂಚೆ ಕಚೇರಿಯ ಕಿಟಕಿಯಲ್ಲಿದ್ದ ಅಜ್ಜಯ್ಯ ಎಂಬ ಗುಮಾಸ್ತ ಕೆಲಸ ಮುಗಿಸುವ ಹವಣಿಕೆಯಲ್ಲಿದ್ದ. ಸ್ಪೀಡ್ ಪೋಸ್ಟ್ ಎಂದು ಏದುಸಿರಿನಲ್ಲಿ ಹೇಳಿ ಇವನು ಕವರು ಚಾಚಿದ. ಅಜ್ಜಯ್ಯ ಎರಡೂ ಬದಿ ತಿರುಗಿಸಿ ನೋಡಿದ.

“ಕಳಸೋರ ಹೆಸರಿಲ್ಲಲ್ರಿ. ಬರೀರಿ.”

ನಾಲ್ಕು ಐದು. ಪೆನ್ನು ಹಿಡಿದವನ ಕೈ ಹಳೆಯ ಚಾಳಿಗೇ ಬಿತ್ತು. ಬಾಯಿಗೆ ಬಂದ ಹೆಸರೊಂದನ್ನು ಬರೆದ. ಗಾದಿಲಿಂಗ, ಕೊಟ್ಟೂರು.

ಶಾಯಿ ಒಣಗುವ ಮೊದಲು ಗಂಟಲು ಬಿಗಿಯಿತು. ಒಳಗಿನ ಉಂಡೆ ಮೇಲೇರಿತು. ಕಿರುನಾಲಿಗೆಗೆ ಸುತ್ತಿಕೊಂಡಿತು. ಮೂಗಿನ ಎರಡೂ ಹೊಳ್ಳೆಗಳಿಂದ ಕಪ್ಪು ಎಳೆಗಳು ಇಳಿದವು. ಕಣ್ಣಿನ ಮುಂದೆ ಗೆರೆ. ಒಂದು. ಹತ್ತು. ನೂರು. ಕಿಟಕಿ, ಅಜ್ಜಯ್ಯ, ಗೋಡೆಯ ಗಡಿಯಾರ, ಎಲ್ಲದರ ಮೇಲೂ ಒದ್ದೆ ಕೂದಲು ಇಳಿಯಿತು. ಅದರ ಹಿಂದೆ ಮುಖ. ಈ ಸಲ ಪೂರ್ತಿ. ಬೋಳು ತಲೆ. ಅವಳು ನಗುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಹೊಲಸನ್ನು ತುಳಿದವರು ಕಾಲು ನೋಡಿಕೊಳ್ಳುವಂತೆ ಅವನನ್ನು ನೋಡುತ್ತಿದ್ದಳು.

ನಾಲ್ಕು ಎಂಟು.

ಉಸಿರಿಲ್ಲ. ಅವನು ಸುಳ್ಳು ಹೆಸರನ್ನು ಗೀಚಿ ಹಾಕಿದ. ಕವರು ಹರಿದು ಪತ್ರ ತೆಗೆದ. ಕೊನೆಯ ಸಾಲಿನ ಕೆಳಗೆ ಬರೆದ. ಕ್ರಾಂತಿಕುಮಾರ. ಆಗಿನ ಅಂಗಡಿ. ಈಗಿನ ಅಂಗಡಿ. ಫೋಟೋ ಕಳಿಸಿದ ಇಬ್ಬರ ಹೆಸರು. ಒಂದೊಂದು ಅಕ್ಷರಕ್ಕೆ ಒಂದೊಂದು ಎಳೆ ಸಡಿಲವಾಯಿತು. ಬಾಯಿಂದ ಕೂದಲು ಬಂತು. ಕೈಗೆ ಸುತ್ತಿಕೊಂಡು ಎಳೆದ. ಮೊಳ, ಎರಡು ಮೊಳ, ರಕ್ತ, ಲೋಳೆ. ಕೊನೆಯ ತುದಿ ಬರುವಾಗ ಗಂಟಲಿನ ಆಳದಲ್ಲಿ ಏನೋ ಕಿತ್ತು ಅದರ ಜೊತೆಗೇ ಬಂತು.

ಅಜ್ಜಯ್ಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಮೂಗು ಮುಚ್ಚಿಕೊಂಡಿದ್ದ. ಇವನು ಆ ಕೂದಲನ್ನೂ ಪತ್ರವನ್ನೂ ಕಿಟಕಿಯಲ್ಲಿದ್ದ ಕಟ್ಟಿನಿಂದ ಎಳೆದುಕೊಂಡ ಹೊಸ ಕವರಿಗೆ ಹಾಕಿದ. ಕೂದಲು ಸುಮಲತಾಳದು, ಉಗುಳುವುದು ಅವಳಿಗೆ ಬಿಟ್ಟದ್ದು. ಅಂಟು ಹಚ್ಚಿದ. ನಡುವೆ ವೀರಭದ್ರಯ್ಯನವರ ವಿಳಾಸ, ಎಡಗಡೆ ಸ್ಪಷ್ಟವಾಗಿ ತನ್ನ ಹೆಸರು ಬರೆದ.

“ಫೋನ್ ನಂಬರ್ ಹೇಳ್ರಿ,” ಎಂದ ಅಜ್ಜಯ್ಯ, ಮೂಗಿನಿಂದ ಕೈ ತೆಗೆಯದೆ.

ಅವನು ಬಾಯಿ ತೆರೆದ. ತುಟಿ ಆಡಿತು. ಗಾಳಿ ಹೋಗಿ ಬಂತು. ದನಿ ಬರಲಿಲ್ಲ. ಮತ್ತೊಮ್ಮೆ ತೆರೆದ. ಒಣ ಕಿಂಡಿಯಲ್ಲಿ ಊದಿದ ಹಾಗೆ ಬರೀ ಗಾಳಿ. ಎಂದೆಂದಿಗೂ ಇನ್ನು ಇಷ್ಟೇ ಎಂದು ಅವನಿಗೆ ಅಲ್ಲಿಯೇ ಗೊತ್ತಾಯಿತು. ಪೆನ್ನು ತೆಗೆದುಕೊಂಡು ನಂಬರನ್ನು ಬರೆದು ತೋರಿಸಿದ.

ಗೋಡೆಯ ಮೇಲೆ ನಾಲ್ಕು ಹತ್ತಾಯಿತು. ಅಜ್ಜಯ್ಯ ಕವರಿನ ಮೂಲೆಯನ್ನು ಎರಡೇ ಬೆರಳಿನಿಂದ ಹಿಡಿದು, ಮುದ್ರೆ ಒತ್ತಿ, ಹರಪನಹಳ್ಳಿಯ ಚೀಲಕ್ಕೆ ಎಸೆದ.